ಪದಕಗಳ ಹಿಂದೊಂದು ಸಾಲಪತ್ರ

2010ರ ಸೆಪ್ಟೆಂಬರ್ 28ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸು ತನ್ನ ಐದು ತಂಡಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಬೇಸ್‌ಬಾಲ್, ಪುರುಷರ ಜಿಮ್ನಾಸ್ಟಿಕ್ಸ್, ಮಹಿಳೆಯರ ಜಿಮ್ನಾಸ್ಟಿಕ್ಸ್, ಮಹಿಳೆಯರ ಲಕ್ರಾಸ್ ಪೂರ್ತಿ ರದ್ದು. ರಗ್ಬಿಗೆ ಹಿಂಬಡ್ತಿ. ಅಲ್ಲಿದ್ದ 814 ವಿದ್ಯಾರ್ಥಿ ಕ್ರೀಡಾಪಟುಗಳಲ್ಲಿ 163 ಮಂದಿಗೆ ಬಿಸಿ ತಟ್ಟಿತು, 13 ಪೂರ್ಣಾವಧಿ ಕೋಚ್‌ಗಳ ಕೆಲಸಕ್ಕೆ ಕುತ್ತು ಬಂತು. ಬೇಸ್‌ಬಾಲ್ ಅಲ್ಲಿ 1892ರಿಂದ ನಡೆದುಬಂದ ಆಟ. 1947ರಲ್ಲಿ ನಡೆದ ಮೊಟ್ಟಮೊದಲ ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದದ್ದು ಇದೇ ತಂಡ; ಸೋತ ಯೇಲ್ ತಂಡದಲ್ಲಿ ಆಡಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಒಬ್ಬರು. ರಗ್ಬಿ ತಂಡವಂತೂ ಇಪ್ಪತ್ತಕ್ಕೂ ಹೆಚ್ಚು ಸಲ ದೇಶದ ಚಾಂಪಿಯನ್ ಆಗಿತ್ತು.

ಇಷ್ಟೆಲ್ಲ ಕತ್ತರಿ ಆಡಿಸಿ ಉಳಿಸಲು ಹೊರಟಿದ್ದು ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಅದೇ ವರ್ಷ, ಅದೇ ಕ್ಯಾಂಪಸ್ಸಿನ ಗುಡ್ಡದ ತಪ್ಪಲಿನಲ್ಲಿ, 32.1 ಕೋಟಿ ಡಾಲರ್ ವೆಚ್ಚದ ಫುಟ್‌ಬಾಲ್ ಕ್ರೀಡಾಂಗಣದ ಕಾಮಗಾರಿ ಶುರುವಾಗಿತ್ತು. ಎರಡಕ್ಕೂ ಮುಖವಾದವರು, ಎರಡಕ್ಕೂ ಬೈಗುಳ ತಿಂದವರು ಕ್ರೀಡಾ ನಿರ್ದೇಶಕಿ ಸ್ಯಾಂಡಿ ಬಾರ್ಬರ್.

ನಮ್ಮ ಕಾಲೇಜುಗಳಲ್ಲೂ ದೈಹಿಕ ಶಿಕ್ಷಣ ನಿರ್ದೇಶಕರು ಎಂಬ ಹುದ್ದೆ ಇದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಸುವುದು, ಅಂತರ ಕಾಲೇಜು ಪಂದ್ಯಕ್ಕೆ ಹುಡುಗರನ್ನು ಹೊರಡಿಸುವುದು, ಆಮೇಲೆ ಟಿಎ ಡಿಎ ಬಿಲ್ಲಿಗೆ ಕಚೇರಿ ಅಲೆಯುವುದು, ಕಾಲೇಜು ವಾರ್ಷಿಕೋತ್ಸವದಲ್ಲಿ ಶಿಸ್ತು ಕಾಯುವುದು. ಹೆಸರಿನ ಹೋಲಿಕೆ ಬಿಟ್ಟರೆ ಇವರಿಗೂ ಅಮೆರಿಕದ ಅಥ್ಲೆಟಿಕ್ ಡೈರೆಕ್ಟರಿಗೂ ಸಂಬಂಧವಿಲ್ಲ. ಅಲ್ಲಿ ಈ ಹುದ್ದೆಯಲ್ಲಿರುವವರು ಅರವತ್ತು ಸಾವಿರ ಸೀಟಿನ ಕ್ರೀಡಾಂಗಣ ನಡೆಸುತ್ತಾರೆ, ಟಿವಿ ಹಣದ ಲೆಕ್ಕ ನೋಡುತ್ತಾರೆ, ತಮಗಿಂತ ನಾಲ್ಕೈದು ಪಟ್ಟು ಸಂಬಳ ಎಣಿಸುವ ಫುಟ್‌ಬಾಲ್ ಕೋಚ್‌ಗೆ ಮೇಲಧಿಕಾರಿಯಾಗಿರುತ್ತಾರೆ, ಹಳೆಯ ವಿದ್ಯಾರ್ಥಿಗಳ ಮುಂದೆ ದೇಣಿಗೆಗೆ ಕೈ ಚಾಚುತ್ತಾರೆ. 2010ರ ಹೊತ್ತಿಗೆ ಬರ್ಕ್ಲಿಯ ಕ್ರೀಡಾ ವಿಭಾಗದ ವಾರ್ಷಿಕ ಬಜೆಟ್ಟೇ ಸುಮಾರು ಏಳು ಕೋಟಿ ಡಾಲರ್. ತಂಡಗಳು 29. ಅವುಗಳಲ್ಲಿ ಹಣ ತರುವುದು ಅಮೆರಿಕನ್ ಫುಟ್‌ಬಾಲು, ಒಂದಿಷ್ಟು ಪುರುಷರ ಬ್ಯಾಸ್ಕೆಟ್‌ಬಾಲು. ಮಿಕ್ಕಿದ್ದೆಲ್ಲ ಖರ್ಚಿನ ಬಾಬ್ತು. ದುಡಿಯುವವರು ಒಬ್ಬಿಬ್ಬರು, ಊಟಕ್ಕೆ ಕೂರುವವರು ಇಪ್ಪತ್ತೇಳು ಮಂದಿ ಇರುವ ಅವಿಭಕ್ತ ಕುಟುಂಬ ಅದು. ದುಡಿಯುವ ಮಗನಿಗೆ ನೆಗಡಿಯಾದರೆ ಮನೆಮಂದಿಗೆಲ್ಲ ಗಂಜಿ.

ಇಂಥ ಮನೆ ನಡೆಸುವವರನ್ನು ಅಳೆಯುವುದು ಹೇಗೆ? ಅಮೆರಿಕದ ಪತ್ರಿಕೆಗಳಲ್ಲಿ ಎರಡು ರೂಢಿಯ ಅಳತೆಗಳಿವೆ: ಎಷ್ಟು ಪಂದ್ಯ ಗೆದ್ದರು, ಈ ವರ್ಷ ಕೊರತೆ ಎಷ್ಟು. ಎರಡೂ ಸಾಲವು. ಬಾರ್ಬರ್ ಅವರ ಹತ್ತು ವರ್ಷ, ಅವರ ನಂತರದ ಹತ್ತು ವರ್ಷ ಎರಡನ್ನೂ ಜೊತೆಗಿಟ್ಟು ನೋಡಿದರೆ ಬೇರೊಂದು ಅಳತೆಯೇ ಬೇಕೆನಿಸುತ್ತದೆ. ನಾಳೆ ಇಷ್ಟು ಹಣ ಬರುತ್ತದೆಂದು ನಂಬಿ ಆ ನಿರ್ದೇಶಕರು ಯಾವ ಕಾಗದಕ್ಕೆ ಸಹಿ ಹಾಕಿದರು, ಆ ನಂಬಿಕೆ ಹುಸಿಯಾದಾಗ ತೆತ್ತವರು ಯಾರು?

ಬಾರ್ಬರ್ 2004ರಲ್ಲಿ ಬರ್ಕ್ಲಿಗೆ ಬಂದರು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಹಾಕಿ ಆಡಿದವರು, ಟುಲೇನ್‌ನಲ್ಲಿ ಕ್ರೀಡಾ ನಿರ್ದೇಶಕಿ, ನಾಟ್ರ್ ಡೇಮ್‌ನಲ್ಲಿ ಆ ಹುದ್ದೆಗೆ ಎರಡನೆಯವರು. ದೊಡ್ಡ ಫುಟ್‌ಬಾಲ್ ವಿಶ್ವವಿದ್ಯಾಲಯಗಳಲ್ಲಿ ಆಗ ಈ ಕುರ್ಚಿಯಲ್ಲಿ ಕೂತ ಹೆಂಗಸರು ಬೆರಳೆಣಿಕೆಯಷ್ಟು. ಬಂದ ಗಳಿಗೆಯೂ ಚೆನ್ನಾಗಿತ್ತು. ಕೋಚ್ ಜೆಫ್ ಟೆಡ್‌ಫರ್ಡ್ 2002ರಿಂದ ತಂಡವನ್ನು ಕೆಸರಿನಿಂದ ಎತ್ತಿದ್ದರು. ಆ ವರ್ಷದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್, ಮುಂದೆ ವೃತ್ತಿಪರ ಫುಟ್‌ಬಾಲಿನ ದೊಡ್ಡ ಹೆಸರು. 2006ರಲ್ಲಿ ತಂಡ ತನ್ನ ಲೀಗಿನ ಜಂಟಿ ಚಾಂಪಿಯನ್. 2007ರ ಅಕ್ಟೋಬರಿನಲ್ಲಿ ದೇಶದಲ್ಲೇ ಎರಡನೇ ಸ್ಥಾನ. ಆ ತಿಂಗಳ 13ರಂದು ಮೊದಲ ಸ್ಥಾನದ ತಂಡ ಬೇರೆಲ್ಲೋ ಸೋತಿತ್ತು. ಬರ್ಕ್ಲಿ ತನ್ನ ಅಂಗಳದಲ್ಲಿ ಆರೆಗಾನ್ ಸ್ಟೇಟ್ ವಿರುದ್ಧ ಗೆದ್ದರೆ ಸಾಕಿತ್ತು. ಕೊನೆಯ ಸೆಕೆಂಡುಗಳಲ್ಲಿ ಮೂರು ಅಂಕ ಹಿಂದೆ, ಟೈಮ್‌ಔಟ್ ಒಂದೂ ಉಳಿದಿಲ್ಲ, ಚೆಂಡು ಎಸೆದುಬಿಡುವ ಬದಲು ಎಳೆಯ ಕ್ವಾರ್ಟರ್‌ಬ್ಯಾಕ್ ತಾನೇ ಓಡಿದ. ಸಮಯ ಮುಗಿದುಹೋಯಿತು. 31–28ರ ಸೋಲು. ಅಲ್ಲಿಂದ ಆಚೆಗೆ ಬರ್ಕ್ಲಿಯ ಫುಟ್‌ಬಾಲು ಆ ಎತ್ತರಕ್ಕೆ ಮತ್ತೆ ಏರಿದ್ದಿಲ್ಲ. ಕ್ರೀಡಾಂಗಣದ ಆರ್ಥಿಕ ಯೋಜನೆ ಮಾತ್ರ ಆ ಎತ್ತರ ಶಾಶ್ವತ ಎಂಬ ಲೆಕ್ಕದ ಮೇಲೆ ಸಿದ್ಧವಾಗುತ್ತಿತ್ತು.

ಕ್ರೀಡಾಂಗಣವನ್ನು ಮುಟ್ಟದೆ ಬಿಡುವಂತೆಯೂ ಇರಲಿಲ್ಲ. ಅದನ್ನು ಬಾರ್ಬರ್ ಪರವಾಗಿ ಹೇಳಲೇಬೇಕು. 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂ ನಿಂತಿರುವುದು ಹೇವರ್ಡ್ ಸ್ತರಭಂಗದ ನೆತ್ತಿಯ ಮೇಲೆ. ಭೂಮಿಯ ಆ ಬಿರುಕು ಮೈದಾನದ ಒಂದು ಗೋಲ್‌ಪೋಸ್ಟಿನ ಕಡೆಯಿಂದ ಇನ್ನೊಂದರ ಕಡೆಗೆ ಹಾದುಹೋಗುತ್ತದೆ. ಆ ಬಿರುಕು ದೊಡ್ಡದಾಗಿ ನಡುಗಿದ್ದು 1868ರಲ್ಲಿ. ಮತ್ತೆ ನಡುಗಲಿದೆ ಎಂಬುದರಲ್ಲಿ ಭೂವಿಜ್ಞಾನಿಗಳಿಗೆ ಅನುಮಾನವಿಲ್ಲ. ಶನಿವಾರದ ಪಂದ್ಯದ ಹೊತ್ತಿಗೆ ಅದು ನಡುಗಿದರೆ ಎಂಬ ಯೋಚನೆಯೇ ಭಯ ಹುಟ್ಟಿಸುವಂಥದು. ಜೊತೆಗೆ ಆಟಗಾರರಿಗೆ ಹೊಸ ತರಬೇತಿ ಕಟ್ಟಡ ಬೇಕೆಂಬ ಟೆಡ್‌ಫರ್ಡರ ಒತ್ತಾಯ ಬೇರೆ. ಅಂಥ ಕೋಚನ್ನು ಉಳಿಸಿಕೊಳ್ಳಬೇಕಾದರೆ ಕಟ್ಟಡ ಮೇಲೇಳಲೇಬೇಕಿತ್ತು.

ಆ ತರಬೇತಿ ಕಟ್ಟಡಕ್ಕಾಗಿ ಓಕ್ ಮರಗಳ ತೋಪೊಂದನ್ನು ಕಡಿಯಬೇಕಿತ್ತು. 2006ರ ಡಿಸೆಂಬರ್ 2ರಂದು ಪ್ರತಿಭಟನಕಾರರು ಮರ ಹತ್ತಿದರು. ಇಳಿದದ್ದು 2008ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದು ತಿಂಗಳ ಮೇಲೆ. ನಡುವೆ ಬರ್ಕ್ಲಿ ನಗರಾಡಳಿತವೂ ನೆರೆಹೊರೆಯವರೂ ಪರಿಸರವಾದಿಗಳೂ ಕೋರ್ಟು ಹತ್ತಿದ್ದರು. ಅಪ್ಪಿಕೊ ಚಳವಳಿಯನ್ನು ಕಂಡ ಶಿರಸಿ ಸೀಮೆಯವರಿಗೆ ಇದು ಅಪರಿಚಿತ ಕಥೆ ಅನಿಸಲಿಕ್ಕಿಲ್ಲ, ಆದರೆ ಸಲ್ಕಣಿಯ ಕಾಡಿಗೂ ಫುಟ್‌ಬಾಲ್ ಜಿಮ್ಮಿನ ಪಕ್ಕದ ತೋಪಿಗೂ ಇರುವ ಅಂತರ ಅವರಿಗೆ ಬೇಗ ಹೊಳೆಯುತ್ತದೆ. ವಿಶ್ವವಿದ್ಯಾಲಯ ಕಡೆಗೆ ಗೆದ್ದಿತು, ಮರಗಳು ಉರುಳಿದವು. ಅಷ್ಟರಲ್ಲಿ ಜಗತ್ತು ಬದಲಾಗಿತ್ತು: ಮರದ ಮೇಲಿದ್ದವರು ಕೆಳಗಿಳಿದ ವಾರದ ಆಸುಪಾಸಿನಲ್ಲೇ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಿತು.

ಒಟ್ಟು ವೆಚ್ಚ ತರಬೇತಿ ಕಟ್ಟಡಕ್ಕೆ ಸುಮಾರು 15.3 ಕೋಟಿ ಡಾಲರ್, ಕ್ರೀಡಾಂಗಣಕ್ಕೆ 32.1 ಕೋಟಿ. ಬಹುಪಾಲು ಸಾಲ. ಈ ಸಾಲ ತೀರಿಸಲು ಹೂಡಿದ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಬಾರ್ಬರ್ ಆಡಳಿತದ ಗುಣದೋಷವೆಲ್ಲ ಅದರೊಳಗಿದೆ. ಕ್ರೀಡಾಂಗಣದ ಒಳ್ಳೆಯ ಜಾಗದ ಸುಮಾರು ಮೂರು ಸಾವಿರ ಸೀಟುಗಳ ಹಕ್ಕನ್ನು ನಲವತ್ತು, ಐವತ್ತು ವರ್ಷಗಳಿಗೆ ಮಾರುವುದು. ಬೆಲೆ ಸೀಟಿಗೆ 40 ಸಾವಿರ ಡಾಲರಿನಿಂದ 2.25 ಲಕ್ಷದವರೆಗೆ. ಹೀಗೆ 27 ಕೋಟಿ ಡಾಲರ್ ಕೂಡಿಸಿ, ಅದನ್ನು ನಿಧಿಯಾಗಿ ಇಟ್ಟು, ನಿಧಿಯ ಗಳಿಕೆಯಿಂದ ಸಾಲದ ಬಡ್ಡಿ ಕಟ್ಟುತ್ತ ಹೋಗುವುದು. ವರ್ಷಗಳು ಕಳೆದಂತೆ ನಿಧಿ ಬೆಳೆಯುತ್ತದೆ, ಅಸಲು ತೀರಿಸುವ ಕಾಲಕ್ಕೆ ಮರದಷ್ಟು ದೊಡ್ಡದಾಗಿರುತ್ತದೆ, ಕ್ರೀಡಾ ವಿಭಾಗವನ್ನೂ ಸಾಕುತ್ತದೆ. ಕಾಗದದ ಮೇಲೆ ಇದು ಸೊಗಸಾದ ಯೋಜನೆ. ವಿಶ್ವವಿದ್ಯಾಲಯದ ಬೊಕ್ಕಸಕ್ಕೆ ಒಂದು ಕಾಸೂ ಹೊರೆಯಿಲ್ಲ ಎಂದು ಹೇಳಿಕೊಳ್ಳಲೂ ಅನುಕೂಲ.

ಆದರೆ ಈ ಸೊಗಸು ನಿಲ್ಲಬೇಕಾದರೆ ಮೂರು ಸಂಗತಿ ಒಟ್ಟಿಗೆ ನಡೆಯಬೇಕಿತ್ತು. ತಂಡ ಗೆಲ್ಲುತ್ತಿರಬೇಕು, ಕೊಳ್ಳುವವರ ಕೈಯಲ್ಲಿ ಹಣ ಓಡಾಡುತ್ತಿರಬೇಕು, ಷೇರುಪೇಟೆ ಏರುತ್ತಿರಬೇಕು. ಮಾರಾಟ ಕಣ್ಣು ಬಿಡುವ ಹೊತ್ತಿಗೆ ಮಹಾ ಆರ್ಥಿಕ ಕುಸಿತ. ಸೀಟು ಹಿಡಿದವರಲ್ಲೂ ಹೆಚ್ಚಿನವರು ಕಂತಿನ ದಾರಿ ಹಿಡಿದರು. ತಂಡ ಸೋಲುತ್ತ ಹೋದಂತೆ ಕಂತು ನಿಲ್ಲಿಸಿ ಎದ್ದುಹೋದವರೂ ಇದ್ದರು. ಗುರಿಗೂ ಕೈಗೆ ಬಂದ ಹಣಕ್ಕೂ ಅಜಗಜಾಂತರ. ಸುಮಾರು 44.5 ಕೋಟಿ ಡಾಲರ್ ಸಾಲ ಮಾತ್ರ ನಿಜವಾಗಿತ್ತು. ಮೊದಲ ಎರಡು ದಶಕ ಬರೀ ಬಡ್ಡಿ, ವರ್ಷಕ್ಕೆ 1.8 ಕೋಟಿ ಡಾಲರಿನಷ್ಟು. ಅಸಲಿನ ಕಂತು ಶುರುವಾಗುವುದು 2032ರಲ್ಲಿ. ಸಾಲದ ಒಂದು ಭಾಗ ನೂರು ವರ್ಷದ ಬಾಂಡಿಗೆ ಸೇರಿದ್ದು; ಅದರ ಕೊನೆಯ ಕಂತು ಕಟ್ಟುವುದು 2113ರ ಸುಮಾರಿಗೆ. ಸಾಲ ಮಾಡಿದವರ ಮೊಮ್ಮಕ್ಕಳೂ ಆಗ ಮುದುಕರು.

ಇಲ್ಲಿ ಬಾರ್ಬರ್ ಒಬ್ಬರನ್ನೇ ಕಟಕಟೆಗೆ ತರುವುದು ಅನ್ಯಾಯ. ಕ್ರೀಡಾ ನಿರ್ದೇಶಕಿಯ ಮೇಲೆ ಚಾನ್ಸಲರ್ ಇದ್ದರು, ರಾಬರ್ಟ್ ಬರ್ಗೆನೊ ಎಂಬ ಭೌತವಿಜ್ಞಾನಿ. ನಮ್ಮಲ್ಲಿ ಕುಲಪತಿಗೆ ಇರುವ ಅಧಿಕಾರವೆಲ್ಲ ಅಲ್ಲಿ ಚಾನ್ಸಲರರದು. ಅವರ ಮೇಲೆ ರೀಜೆಂಟ್ಸ್ ಮಂಡಳಿ. ಹಣಕಾಸು ಅಧಿಕಾರಿಗಳ ದಂಡೇ ಇತ್ತು. ಎಲ್ಲರೂ ಆ ಲೆಕ್ಕವನ್ನು ನೋಡಿದರು, ಒಪ್ಪಿದರು. ನನ್ನ ತಕರಾರು ಬೇರೆ. ಸೀಟು ಮಾರುವ ಹೊಣೆ ಹೊತ್ತ ವಿಭಾಗಕ್ಕೆ ಎಷ್ಟು ಸೀಟು ಮಾರಾಟವಾಯಿತೆಂದು ಉಳಿದೆಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಮಾರುಕಟ್ಟೆ ಬಿದ್ದಿದೆ, ಗುರಿ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೂ ಕ್ರೇನುಗಳು ಒಳಗೆ ಬಂದವು. ಭೂಕಂಪದ ಭಯಕ್ಕೆ ಮಾಡಲೇಬೇಕಾದ ಭದ್ರತೆಯ ಕೆಲಸ ಯಾವುದು, ಶ್ರೀಮಂತ ದಾನಿಗಳಿಗಾಗಿ ಕಟ್ಟಿದ ಕ್ಲಬ್ಬು ಲೌಂಜುಗಳು ಯಾವುವು ಎಂದು ಎರಡನ್ನೂ ಬೇರ್ಪಡಿಸಿ ಜನರ ಮುಂದಿಡಬಹುದಿತ್ತು. ಹಾಗೆ ಇಡಲಿಲ್ಲ. ಭೂಕಂಪದ ಹೆಸರಿನಲ್ಲಿ ಲೌಂಜೂ ದಾಟಿಕೊಂಡಿತು. ಕಟ್ಟಡದ ಕೌಶಲದಲ್ಲಿ ಮಾತ್ರ ಕೊರತೆಯಿಲ್ಲ: ಬಿರುಕಿನ ಮೇಲಿರುವ ಭಾಗಗಳನ್ನು ಮಿಕ್ಕಿದ್ದರಿಂದ ಬಿಡಿಸಿ, ನೆಲ ಸರಿದರೆ ತಾವೂ ಸರಿಯುವಂತೆ ಕೂರಿಸಿದ್ದಾರೆ. ಹಣದ ಯೋಜನೆಗೂ ಅಂಥದೊಂದು ಏರ್ಪಾಡು ಇದ್ದಿದ್ದರೆ ಎಂದು ಯಾರಾದರೂ ಕೊಂಕು ನುಡಿದರೆ ತಪ್ಪೆನ್ನುವಂತಿಲ್ಲ.

ಹೊರಗಿನ ವಾತಾವರಣ ಕಾದ ಬಾಣಲೆಯಾಗಿತ್ತು. ಕ್ಯಾಲಿಫೋರ್ನಿಯಾ ಸರ್ಕಾರ ವಿಶ್ವವಿದ್ಯಾಲಯಕ್ಕೆ ಕೊಡುವ ಅನುದಾನ ಕಡಿದಿತ್ತು. 2009ರಲ್ಲಿ ಸಿಬ್ಬಂದಿಗೆ ಕಡ್ಡಾಯ ಸಂಬಳರಹಿತ ರಜೆ. ಆ ನವೆಂಬರಿನಲ್ಲಿ ರೀಜೆಂಟರು ವಿದ್ಯಾರ್ಥಿಗಳ ಶುಲ್ಕವನ್ನು ಶೇ 32ರಷ್ಟು ಏರಿಸಿದರು. ವಿದ್ಯಾರ್ಥಿಗಳು ವೀಲರ್ ಹಾಲ್ ಕಟ್ಟಡದೊಳಗೆ ಬಾಗಿಲು ಹಾಕಿಕೊಂಡು ಕೂತರು. ಅದೇ ತಿಂಗಳು ಪ್ರಾಧ್ಯಾಪಕರ ಸೆನೆಟ್ ಸಭೆ ಸೇರಿ, ಕ್ರೀಡಾ ವಿಭಾಗಕ್ಕೆ ಕ್ಯಾಂಪಸ್ಸಿನ ಬೊಕ್ಕಸದಿಂದ ಹಣ ಸುರಿಯುವುದನ್ನು ನಿಲ್ಲಿಸಿ ಎಂದು 91–68 ಮತಗಳಿಂದ ನಿರ್ಣಯ ಮಾಡಿತು. ವರ್ಷಕ್ಕೆ ಕೋಟಿ ಡಾಲರಿಗೂ ಮಿಗಿಲಾಗಿ ಹರಿಯುತ್ತಿದ್ದ ಹಣ ಅದು. ಫುಟ್‌ಬಾಲ್ ಕೋಚಿನ ಸಂಬಳ ವರ್ಷಕ್ಕೆ 20 ಲಕ್ಷ ಡಾಲರಿಗಿಂತ ಹೆಚ್ಚಿದ್ದಾಗ, ಸಂಬಳ ಕಡಿತವಾದ ಪ್ರಾಧ್ಯಾಪಕರಿಗೆ ಬಂದ ಸಿಟ್ಟು ಅರ್ಥವಾಗುವಂಥದೇ.

ಐದು ತಂಡಗಳ ತಲೆದಂಡ ಆ ಸಿಟ್ಟಿಗೆ ಸಿಕ್ಕ ಉತ್ತರ. ಆ ನಿರ್ಧಾರ ತೆಗೆದುಕೊಂಡ ಬಗೆಯಲ್ಲಿ ಬಾರ್ಬರ್ ಆಡಳಿತದ ಇನ್ನೊಂದು ದೌರ್ಬಲ್ಯ ಬಯಲಾಯಿತು. ಅಮೆರಿಕದಲ್ಲಿ 1972ರಿಂದ ‘ಟೈಟಲ್ ನೈನ್’ ಎಂಬ ಕಾನೂನಿದೆ. ಸರ್ಕಾರದ ನೆರವು ಪಡೆವ ಶಿಕ್ಷಣ ಸಂಸ್ಥೆ ಕ್ರೀಡೆಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕು. ಅದನ್ನು ಪಾಲಿಸುತ್ತಿದ್ದೇವೆಂದು ತೋರಿಸಲು ಮೂರು ದಾರಿಗಳು. ಮಹಿಳೆಯರ ಬೇಡಿಕೆಯನ್ನೆಲ್ಲ ಪೂರೈಸಿದ್ದೇವೆ ಎಂಬ ದಾರಿಯಲ್ಲಿ ಬರ್ಕ್ಲಿ ನಡೆಯುತ್ತಿತ್ತು. ಆಡುವ ಆಸೆಯಿಂದ ಬಂದ ಹುಡುಗಿಯರ ಎರಡು ತಂಡಗಳನ್ನೇ ಮುಚ್ಚಿದ ಮೇಲೆ ಆ ಮಾತು ಹೇಳುವುದು ಹೇಗೆ? ಆಗ ಉಳಿಯುವುದು ಕಠಿಣ ದಾರಿ: ಕ್ಯಾಂಪಸ್ಸಿನಲ್ಲಿ ಹುಡುಗಿಯರ ಪ್ರಮಾಣ ಎಷ್ಟಿದೆಯೋ ಕ್ರೀಡೆಯಲ್ಲೂ ಅಷ್ಟೇ ಇರಬೇಕು. ಅಲ್ಲಿಗೆ ಪುರುಷರ ತಂಡಗಳಲ್ಲಿ ಇನ್ನಷ್ಟು ಹುಡುಗರನ್ನು ಕೈಬಿಡಬೇಕಾಗುತ್ತದೆ. ನಲವತ್ತು ಲಕ್ಷ ಉಳಿಸಲು ಹೋಗಿ ಕಾನೂನಿನ ಗಂಟಿಗೆ ಸಿಕ್ಕಿಕೊಳ್ಳುವ ಈ ಸಾಧ್ಯತೆ ಮೊದಲೇ ತೂಗಿ ನೋಡಬೇಕಾದ ವಿಷಯ.

ಹಳೆಯ ವಿದ್ಯಾರ್ಥಿಗಳು ಟೊಂಕ ಕಟ್ಟಿ ನಿಂತರು. ಐದೂ ತಂಡಗಳನ್ನು ಉಳಿಸಲು ಎರಡೂವರೆ ಕೋಟಿ ಡಾಲರ್ ಬೇಕೆಂದು ಆಡಳಿತ ಹೇಳಿತು. ಅದರ ಅರ್ಧದಷ್ಟು ಹಣದ ಭರವಸೆ ಸಿಕ್ಕಾಗ, 2011ರ ಫೆಬ್ರುವರಿಯಲ್ಲಿ, ಎರಡು ಮಹಿಳಾ ತಂಡಗಳಿಗೂ ರಗ್ಬಿಗೂ ಮರುಜೀವ. ಬೇಸ್‌ಬಾಲ್ ಮತ್ತು ಪುರುಷರ ಜಿಮ್ನಾಸ್ಟಿಕ್ಸ್ ಮಾತ್ರ ಹೊರಗೆ. ಬೇಸ್‌ಬಾಲಿನ ಹಳಬರು ಸುಮ್ಮನಾಗಲಿಲ್ಲ. 90 ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿಸಿ ಏಪ್ರಿಲ್‌ನಲ್ಲಿ ತಮ್ಮ ತಂಡವನ್ನು ಬಿಡಿಸಿಕೊಂಡರು. ಹಿಂದೆಯೇ ಪುರುಷರ ಜಿಮ್ನಾಸ್ಟಿಕ್ಸೂ ಬಚಾವಾಯಿತು. ಆ ವರ್ಷ ಆ ಬೇಸ್‌ಬಾಲ್ ಹುಡುಗರು ಏನು ಮಾಡಿದರು ಗೊತ್ತೆ? ಹ್ಯೂಸ್ಟನ್ನಿನಲ್ಲಿ ಕೊನೆಯ ಇನಿಂಗ್ಸಿನವರೆಗೂ ಸೋಲುತ್ತಿದ್ದ ಪಂದ್ಯವನ್ನು ಬೇಲರ್ ಕೈಯಿಂದ ಕಿತ್ತುಕೊಂಡು, ಒಮಾಹಾದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸಿಗೇ ಹೋಗಿ ನಿಂತರು. ಅವರ ಕೋಚ್ ಡೇವಿಡ್ ಎಸ್ಕೇರ್ ಆ ವರ್ಷದ ರಾಷ್ಟ್ರೀಯ ಶ್ರೇಷ್ಠ ಕೋಚ್. ತಂಡದಲ್ಲಿದ್ದ ಮಾರ್ಕಸ್ ಸೆಮಿಯನ್ ಇವತ್ತಿಗೂ ಮೇಜರ್ ಲೀಗಿನ ಹೆಸರಾಂತ ಆಟಗಾರ. ಸಿನಿಮಾ ಕಥೆ ಬರೆಯುವವರಿಗೂ ಇಷ್ಟು ಧೈರ್ಯ ಬಾರದು.

ಈ ಸುಖಾಂತ್ಯವನ್ನು ಬಾರ್ಬರ್ ಅವರ ಖಾತೆಗೆ ಜಮಾ ಮಾಡಿದವರಿದ್ದಾರೆ. ಮುಚ್ಚುತ್ತೇವೆಂದು ಹೆದರಿಸಿದ್ದರಿಂದಲೇ ಅಲ್ಲವೇ ದಾನಿಗಳು ಜೇಬು ಬಿಚ್ಚಿದ್ದು ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಮುಚ್ಚುವ ಮೊದಲೇ ಆ ದಾನಿಗಳನ್ನು ಕೂರಿಸಿಕೊಂಡು, ‘ಸ್ಥಿತಿ ಹೀಗಿದೆ, ಇಷ್ಟು ವರ್ಷದಲ್ಲಿ ಇಷ್ಟು ಹಣ ಬೇಕು’ ಎಂದು ಹೇಳಿದ್ದರೆ 163 ಹುಡುಗ ಹುಡುಗಿಯರು ತಿಂಗಳುಗಟ್ಟಲೆ ತ್ರಿಶಂಕು ಸ್ಥಿತಿಯಲ್ಲಿ ತೂಗಬೇಕಿರಲಿಲ್ಲ. ಕೊಲ್ಲಿಯ ಆಚೆ ದಡದ ಸ್ಟ್ಯಾನ್‌ಫರ್ಡ್ ಇದನ್ನು ಕಣ್ಣಾರೆ ಕಂಡಿತ್ತು. ಆದರೂ ಕೋವಿಡ್ ಕಾಲದ 2020ರ ಜುಲೈನಲ್ಲಿ ತನ್ನ 36 ತಂಡಗಳಲ್ಲಿ 11ನ್ನು ಮುಚ್ಚುವುದಾಗಿ ಸಾರಿ, ಹಳೆಯ ಆಟಗಾರರ ಹೋರಾಟ ಮತ್ತು ಮೊಕದ್ದಮೆಗಳ ಬಳಿಕ 2021ರ ಮೇ ತಿಂಗಳಲ್ಲಿ ಹನ್ನೊಂದನ್ನೂ ಮತ್ತೆ ಒಳಗೆ ಕರೆದುಕೊಂಡಿತು.

ಬಾರ್ಬರ್ ಅವರ ಇನ್ನೊಂದು ಮುಖವನ್ನು ನೋಡದೆ ಲೆಕ್ಕ ಮುಗಿಸುವಂತಿಲ್ಲ. ಅವರ ಕಾಲದಲ್ಲಿ ಬರ್ಕ್ಲಿಯ ಈಜುಕೊಳ ಬಂಗಾರದ ಗಣಿಯಾಗಿತ್ತು. ಮಹಿಳೆಯರು 2009, 2011, 2012ರಲ್ಲಿ, ಪುರುಷರು 2011, 2012, 2014ರಲ್ಲಿ ರಾಷ್ಟ್ರೀಯ ಚಾಂಪಿಯನ್ನರು. 2013ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಬಾರಿಗೆ ದೇಶದ ಕೊನೆಯ ನಾಲ್ಕರಲ್ಲಿ ನಿಂತಿತು. ಅದರ ಕೋಚ್ ಲಿಂಡ್ಸೆ ಗಾಟ್ಲೀಬ್ ಅವರನ್ನು ಆರಿಸಿದ್ದು ಬಾರ್ಬರ್. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬರ್ಕ್ಲಿಯ ಹಳೆಯ, ಹೊಸ ವಿದ್ಯಾರ್ಥಿಗಳು ಗೆದ್ದ ಪದಕ 17, ಅದರಲ್ಲಿ ಚಿನ್ನ 11. ಇಡೀ ಭಾರತ ಆ ಕೂಟದಲ್ಲಿ ಗೆದ್ದದ್ದು ಆರು, ಚಿನ್ನ ಒಂದೂ ಇಲ್ಲ. ದುಡ್ಡು ತಾರದ ಆಟಗಳನ್ನು ಸಾಕುವುದು ವ್ಯರ್ಥವೆನ್ನುವ ಪ್ರಾಧ್ಯಾಪಕರು ಈ ಪಟ್ಟಿಯನ್ನು ಒಮ್ಮೆ ಓದಬೇಕು ಅನಿಸುತ್ತದೆ.

ಆದರೆ ಫುಟ್‌ಬಾಲು? ನವೀಕರಿಸಿದ ಕ್ರೀಡಾಂಗಣ 2012ರ ಸೆಪ್ಟೆಂಬರ್ 1ರಂದು ಬಾಗಿಲು ತೆರೆದ ದಿನವೇ ತಂಡ ನೆವಾಡಾಕ್ಕೆ ಸೋತಿತು. ಆ ಋತುವಿನಲ್ಲಿ ಮೂರು ಗೆಲುವು, ಒಂಬತ್ತು ಸೋಲು. ಟೆಡ್‌ಫರ್ಡರನ್ನು ಕಳಿಸಿದರು, ಒಪ್ಪಂದ ಮುರಿದದ್ದಕ್ಕೆ 50 ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಮುಂದಿನ ವರ್ಷ ಒಂದೇ ಗೆಲುವು, ಹನ್ನೊಂದು ಸೋಲು. ಅದೇ 2013ರ ಅಕ್ಟೋಬರಿನಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಪ್ರಕಟಿಸಿದ ಪದವಿ ಪೂರೈಸುವವರ ಪಟ್ಟಿಯಲ್ಲಿ ಬರ್ಕ್ಲಿ ಫುಟ್‌ಬಾಲ್ ಆಟಗಾರರದು ಶೇ 44, ದೊಡ್ಡ ಲೀಗುಗಳ ತಂಡಗಳಲ್ಲೇ ಕಟ್ಟಕಡೆಯ ಸ್ಥಾನ. ಜಗತ್ತಿನ ಮೇಲ್ಪಂಕ್ತಿಯ ಸಾರ್ವಜನಿಕ ವಿಶ್ವವಿದ್ಯಾಲಯವೆಂದು ಹೆಮ್ಮೆಪಡುವ ಸಂಸ್ಥೆಗೆ, ಮಕ್ಕಳನ್ನು ಅಲ್ಲಿ ಸೇರಿಸಬೇಕೆಂದು ಕೊಲ್ಲಿ ಪ್ರದೇಶದ ಕನ್ನಡಿಗರ ಮನೆಗಳಲ್ಲೂ ಹಂಬಲಿಸುವ ಸಂಸ್ಥೆಗೆ, ಸಾಲಕ್ಕಿಂತ ದೊಡ್ಡ ಅವಮಾನ ಇದು. 2014ರ ಫೆಬ್ರುವರಿಯಲ್ಲಿ ಬೆಳಗಿನ ಕಠಿಣ ತರಬೇತಿಯ ವೇಳೆ ಕುಸಿದ ಆಟಗಾರನೊಬ್ಬ ಪ್ರಾಣ ಬಿಟ್ಟ. ವಿಶ್ವವಿದ್ಯಾಲಯ ತನ್ನ ಹೊಣೆ ಒಪ್ಪಿಕೊಂಡು 2016ರಲ್ಲಿ ಅವನ ಕುಟುಂಬಕ್ಕೆ 47.5 ಲಕ್ಷ ಡಾಲರ್ ಕೊಟ್ಟಿತು.

2014ರ ಬೇಸಿಗೆಯಲ್ಲಿ ಬಾರ್ಬರ್ ಹುದ್ದೆ ಬಿಟ್ಟರು. ಕೆಲವೇ ವಾರಗಳಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಅದೇ ಹುದ್ದೆಗೆ ಕರೆಯಿತು. ಅಲ್ಲಿ 2022ರವರೆಗೆ ಇದ್ದು, ಗೌರವದಿಂದ ನಿವೃತ್ತರಾದರು. ಒಂದು ಕಡೆ ಹೊರೆಯೆನಿಸಿದ ವ್ಯಕ್ತಿ ಇನ್ನೊಂದು ಕಡೆ ಆಸ್ತಿಯೆನಿಸಿದ್ದು ಹೇಗೆ? ಪೆನ್ ಸ್ಟೇಟ್‌ನಲ್ಲಿ ಲಕ್ಷ ಮೀರಿ ಜನ ಸೇರುವ ಕ್ರೀಡಾಂಗಣವಿದೆ, ಬಿಗ್ ಟೆನ್ ಲೀಗಿನ ಟಿವಿ ಹಣವಿದೆ. ನಿರ್ದೇಶಕರ ಜಾಣ್ಮೆ ಎಂದು ನಾವು ಹೊಗಳುವುದರಲ್ಲಿ ಎಷ್ಟು ಪಾಲು ಅವರು ಕೂತ ಕುರ್ಚಿಯದು ಎಂಬುದನ್ನೂ ಕೇಳಬೇಕಾಗುತ್ತದೆ.

ಬರ್ಕ್ಲಿಯ ಕುರ್ಚಿಗೆ ಬಂದವರು ಮೈಕ್ ವಿಲಿಯಮ್ಸ್, ಅದೇ ಕಾಲೇಜಿನ ಹಳೆಯ ಕುಸ್ತಿಪಟು, ಹಣಕಾಸು ರಂಗದಲ್ಲಿ ಪಳಗಿದವರು. ಅಷ್ಟರಲ್ಲಿ ಚಾನ್ಸಲರ್ ಕೂಡ ಬದಲಾಗಿದ್ದರು. ಹೊಸಬರು ನಿಕೋಲಸ್ ಡರ್ಕ್ಸ್, ದಕ್ಷಿಣ ಭಾರತದ ಇತಿಹಾಸಕಾರ. ತಮಿಳುನಾಡಿನ ಪುದುಕೋಟೆ ಸಂಸ್ಥಾನದಲ್ಲಿ ಅರಸರು ಕೊಡುತ್ತಿದ್ದ ಇನಾಮು ಉಂಬಳಿಗಳು ಅಧಿಕಾರವನ್ನು ಹೇಗೆ ಕಟ್ಟುತ್ತಿದ್ದವೆಂದು ಬರೆದವರು. ದಾನದಿಂದ ದರ್ಬಾರು ನಡೆಯುವ ಬಗೆ ಗೊತ್ತಿದ್ದವರಿಗೂ ಈ ಸಾಲ ಜಗ್ಗಲಿಲ್ಲ. 2016ರ ಹೊತ್ತಿಗೆ ಇಡೀ ಕ್ಯಾಂಪಸ್ಸಿಗೇ 15 ಕೋಟಿ ಡಾಲರಿನ ಕೊರತೆ, ಕ್ರೀಡಾ ವಿಭಾಗದ್ದೇ ಸುಮಾರು 2.2 ಕೋಟಿ. ಹುದ್ದೆ ಬಿಡುತ್ತೇನೆಂದು ಡರ್ಕ್ಸ್ ಆ ಆಗಸ್ಟಿನಲ್ಲಿ ಪ್ರಕಟಿಸಿದರು. ಕಾರಣಗಳ ಪಟ್ಟಿ ಉದ್ದವಿತ್ತು.

ಸಾಲದ ಬಡ್ಡಿಗಾಗಿ ಮೈದಾನದ ಹೆಸರನ್ನೂ ಮಾರಿದ ಕಥೆ ಬೇರೆಯೇ ಇದೆ. 2013ರಲ್ಲಿ ವಿಡಿಯೋ ಗೇಮ್ ಕಂಪನಿ ಕಬಾಮ್ 15 ವರ್ಷಕ್ಕೆ 1.8 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿ ಹೆಸರು ಹಾಕಿಸಿಕೊಂಡಿತು; ಮೂರೇ ವರ್ಷಕ್ಕೆ ಕೈ ಎತ್ತಿತು. 2021ರಲ್ಲಿ ಕ್ರಿಪ್ಟೊ ಕಂಪನಿ ಎಫ್‌ಟಿಎಕ್ಸ್ ಹತ್ತು ವರ್ಷಕ್ಕೆ 1.75 ಕೋಟಿ ಡಾಲರ್ ಎಂದಿತು, ಅದೂ ಕ್ರಿಪ್ಟೊ ನಾಣ್ಯದಲ್ಲಿ. 2022ರ ನವೆಂಬರಿನಲ್ಲಿ ಆ ಕಂಪನಿಯೇ ಮುಳುಗಿತು. ಬಿರುಕಿನ ಮೇಲೆ ಕಟ್ಟಿದ ಮೈದಾನಕ್ಕೆ ಸಿಕ್ಕ ಹೆಸರುಗಳೂ ಹೀಗೆ.

ಈ ನಡುವೆ ಒಂದು ಪ್ರಾಮಾಣಿಕ ಹೆಜ್ಜೆ ಇಟ್ಟವರು ಚಾನ್ಸಲರ್ ಕ್ಯಾರಲ್ ಕ್ರಿಸ್ಟ್. ಕ್ರೀಡಾಂಗಣದ ಸಾಲದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಭೂಕಂಪ ಭದ್ರತೆಗೆ ಆದದ್ದು, ಬೇರೆ ಕಟ್ಟಡಗಳ ಭದ್ರತೆಯ ಹಾಗೆ ಅದನ್ನೂ ಕ್ಯಾಂಪಸ್ಸೇ ಹೊರಬೇಕು ಎಂದು 2018ರಲ್ಲಿ ಆ ಪಾಲನ್ನು ಕ್ರೀಡಾ ವಿಭಾಗದ ಲೆಕ್ಕದಿಂದ ತೆಗೆದರು. ಪ್ರಾಧ್ಯಾಪಕರಲ್ಲಿ ಕೆಲವರು ಇದನ್ನು ಕಣ್ಕಟ್ಟು ಎಂದರು. ನನ್ನ ಮಟ್ಟಿಗೆ, ಹತ್ತು ವರ್ಷ ಮೊದಲೇ ಹೇಳಬೇಕಿದ್ದ ಸತ್ಯವನ್ನು ತಡವಾಗಿಯಾದರೂ ಹೇಳಿದ್ದು ಅದು. ಬೊಕ್ಕಸಕ್ಕೆ ಕಾಸೂ ಹೊರೆಯಿಲ್ಲವೆಂಬ ಹಳೆಯ ಮಾತು ಅಂದು ಅಧಿಕೃತವಾಗಿ ಸುಳ್ಳಾಯಿತು.

ಅದೇ ವರ್ಷ ಕ್ರೀಡಾ ನಿರ್ದೇಶಕರಾಗಿ ಬಂದ ಜಿಮ್ ನೋಲ್ಟನ್ ಸೈನ್ಯದ ನಿವೃತ್ತ ಕರ್ನಲ್. ಅವರ ಕಾಲಿನ ಕೆಳಗೆ ನೆಲವೇ ಸರಿಯಿತು, ಭೂಕಂಪವಿಲ್ಲದೆ. 2011ರಲ್ಲಿ ಹನ್ನೆರಡು ವರ್ಷಕ್ಕೆ 300 ಕೋಟಿ ಡಾಲರಿನ ಟಿವಿ ಒಪ್ಪಂದ ಮಾಡಿಕೊಂಡು ಬೀಗುತ್ತಿದ್ದ, ಬರ್ಕ್ಲಿ ಆಡುತ್ತಿದ್ದ ಪ್ಯಾಕ್-12 ಲೀಗು, 2022ರ ಜೂನ್ 30ರಂದು ಯುಎಸ್‌ಸಿ ಮತ್ತು ಯುಸಿಎಲ್‌ಎ ಹೊರಹೋಗುವುದಾಗಿ ಸಾರಿದ ಮೇಲೆ ಕುಸಿಯುತ್ತ ಬಂದು 2023ರ ಆಗಸ್ಟಿನಲ್ಲಿ ಚದುರಿಹೋಯಿತು. ಕೈಗೆ ಸಿಕ್ಕ ಹಗ್ಗ ಹಿಡಿದ ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಲೀಗಾದ ಎಸಿಸಿ ಸೇರಿತು. ಪೆಸಿಫಿಕ್ ದಡದ ಮಕ್ಕಳು ಈಗ ಬಾಸ್ಟನ್ನಿಗೂ ಮಯಾಮಿಗೂ ಹಾರಿ ಆಡಬೇಕು. ಲೀಗಿನ ಟಿವಿ ಹಣದಲ್ಲಿ ಮೊದಲ ಏಳು ವರ್ಷ ಪೂರ್ಣ ಪಾಲಿನ ಶೇ 30 ಮಾತ್ರ. ಒಂದೇ ರಾಜ್ಯ, ಒಂದೇ ವಿಶ್ವವಿದ್ಯಾಲಯ ವ್ಯವಸ್ಥೆಯ ಯುಸಿಎಲ್‌ಎ ಲೀಗು ಬಿಟ್ಟುಹೋದದ್ದಕ್ಕೆ ಪರಿಹಾರವಾಗಿ ರೀಜೆಂಟರು ಬರ್ಕ್ಲಿಗೆ ಮೂರು ವರ್ಷ ತಲಾ ಕೋಟಿ ಡಾಲರ್ ಕೊಡಿಸಿದರು. ಇದರಲ್ಲಿ ನೋಲ್ಟನ್ ತಪ್ಪೆಷ್ಟು? ಲೀಗು ಒಡೆದದ್ದು ಅವರ ಕೈಮೀರಿದ್ದು. ಆದರೆ ಮಹಿಳಾ ಈಜು ತಂಡದ ಆಟಗಾರ್ತಿಯರು ತಮ್ಮ ಕೋಚ್ ವಿರುದ್ಧ ತಂದ ದೂರುಗಳು ಪತ್ರಿಕೆಯಲ್ಲಿ ಬಂದ ಮೇಲಷ್ಟೇ ತನಿಖೆಯಾಗಿ, 2023ರ ಜನವರಿಯಲ್ಲಿ ಕೋಚ್ ವಜಾ ಆದದ್ದು ಅವರ ಅಂಗಳದ್ದೇ. ಅದಕ್ಕೆ ಟಿವಿ ಕಂಪನಿಗಳನ್ನು ದೂರುವಂತಿಲ್ಲ.

2025ರ ಜೂನ್ 6ರಂದು ಪಕ್ಕದ ಓಕ್‌ಲೆಂಡಿನ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಬರ್ಕ್ಲಿಯಲ್ಲೇ ಕಾನೂನು ಓದಿದವರು, ಕಾಲೇಜು ಆಟಗಾರರು ಹೂಡಿದ್ದ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಮುದ್ರೆ ಒತ್ತಿದರು. ಹಿಂದಿನ ಆಟಗಾರರಿಗೆ 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಕಾಲೇಜುಗಳೇ ಆಟಗಾರರಿಗೆ ನೇರ ಹಣ ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ಆಟಗಾರರ ಪಾಲಿಗೆ ಇದು ತಡವಾಗಿ ಬಂದ ನ್ಯಾಯ. ಬರ್ಕ್ಲಿಯ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಕಾಲಂ.

ಆ ಬೇಸಿಗೆಯಲ್ಲಿ ನೋಲ್ಟನ್ ಹುದ್ದೆ ತೊರೆದರು. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಎನ್‌ಎಫ್‌ಎಲ್ ತಂಡಗಳಿಗೆ ಕೋಚ್ ಆಗಿದ್ದ ಬರ್ಕ್ಲಿಯ ಹಳೆಯ ಆಟಗಾರ ರಾನ್ ರಿವೆರಾ ಅವರನ್ನು ವಿಶ್ವವಿದ್ಯಾಲಯ ಫುಟ್‌ಬಾಲಿಗೆ ಜನರಲ್ ಮ್ಯಾನೇಜರ್ ಆಗಿ ತಂದು ಕೂರಿಸಿತ್ತು. ರಿವೆರಾ ವರದಿ ಒಪ್ಪಿಸುವುದು ಕ್ರೀಡಾ ನಿರ್ದೇಶಕರಿಗಲ್ಲ, ನೇರ ಚಾನ್ಸಲರ್ ರಿಚ್ ಲಯನ್ಸ್ ಅವರಿಗೆ. ಹಣ ತರುವ ಆಟ ಮೇಲಿನ ಮಹಡಿಗೆ ಹೋಯಿತು. ಈಜು, ರಗ್ಬಿ, ಜಿಮ್ನಾಸ್ಟಿಕ್ಸು, ಬೇಸ್‌ಬಾಲು ಕೆಳಗೆ ಉಳಿದವು. ಕ್ರೀಡಾ ನಿರ್ದೇಶಕರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಸೌಲಭ್ಯವನ್ನು ಬರ್ಕ್ಲಿಯ ಚಾನ್ಸಲರ್ ತಾವಾಗಿಯೇ ಬಿಟ್ಟುಕೊಟ್ಟಂತಾಗಿದೆ. 2032ರಲ್ಲಿ ಅಸಲಿನ ಮೊದಲ ಕಂತು ಎದುರಿಗೆ ಬಂದು ನಿಂತಾಗ ಪ್ರಾಧ್ಯಾಪಕರ ಸೆನೆಟ್ಟು ಯಾರನ್ನು ಸಭೆಗೆ ಕರೆಸಬೇಕೆಂಬ ಗೊಂದಲ ಇರಲಾರದು.